ಖಾಲಿ ಬೆಂಚುಗಳ ಮುಂದೆ

ಹದಿನೆಂಟನೆಯ ಶತಮಾನದ ನಡುಗಾಲ. ಇಂಗ್ಲೆಂಡಿನ ಒಂದು ನದಿಯ ದಂಡೆಯ ಮೇಲೆ ಒಂದು ವಿಶ್ವವಿದ್ಯಾಲಯವಿತ್ತು. ಅಲ್ಲಿ ಕಲಿಸಲೆಂದು ಸಂಬಳ ಪಡೆಯುವವರು ಬಹಳ ಮಂದಿ ಇದ್ದರು. ಕಲಿಸುವವರು ಒಬ್ಬರಿದ್ದರು.

ಅವರ ಹೆಸರು ಟೋಬಿಯಸ್ ವೇನ್. ಆಂಗ್ಲಿಕನ್ ಸಭೆಯ ಪಾದ್ರಿ. ಹೀಬ್ರೂ ಭಾಷೆಯ ಪ್ರಾಧ್ಯಾಪಕರು.

ಪ್ರಾಧ್ಯಾಪಕರಾದವರು ವಾರಕ್ಕೊಮ್ಮೆ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಉಪನ್ಯಾಸ ಕೊಡಬೇಕೆಂಬುದು ಅಲ್ಲಿನ ಹಳೆಯ ನಿಯಮ. ಉಳಿದವರು ತಮ್ಮ ದಿನ ಬಂದಾಗ ಬಾಗಿಲು ತೆರೆದು, ಒಳಗೊಮ್ಮೆ ಇಣುಕಿ, ಯಾರೂ ಬಂದಿಲ್ಲವೆಂದು ಖಚಿತಪಡಿಸಿಕೊಂಡು, ನೆಮ್ಮದಿಯಿಂದ ಊಟಕ್ಕೆ ಹೋಗುತ್ತಿದ್ದರು.

ವೇನರ ದಿನ ಗುರುವಾರ. ಅವರ ಕೋಣೆಗೂ ಯಾರೂ ಬರುತ್ತಿರಲಿಲ್ಲ. ಆದರೂ ಅವರು ಕಪ್ಪು ನಿಲುವಂಗಿ ತೊಟ್ಟು, ವೇದಿಕೆ ಏರಿ, ಗಂಟೆ ಹೊಡೆಯುವವರೆಗೆ ಖಾಲಿ ಬೆಂಚುಗಳಿಗೆ ಪಾಠ ಹೇಳುತ್ತಿದ್ದರು.

ವಿದ್ಯಾರ್ಥಿಗಳು ಅವರಿಗೆ ‘ಗೋಡೆ ಪಾದ್ರಿ’ ಎಂದು ಹೆಸರಿಟ್ಟಿದ್ದರು. ಆ ಕೋಣೆಯ ಗೋಡೆಗಳು ಈಗ ಬಿಷಪ್ಪರಿಗಿಂತ ಚೆನ್ನಾಗಿ ಹೀಬ್ರೂ ಬಲ್ಲವು, ಮುಂದಿನ ಘಟಿಕೋತ್ಸವದಲ್ಲಿ ಅವಕ್ಕೂ ಪದವಿ ಕೊಡಬೇಕು ಎಂದು ಹೆಂಡದಂಗಡಿಯಲ್ಲಿ ನಗುತ್ತಿದ್ದರು.

ಎಡ್ಮಂಡ್ ನಗುತ್ತಿರಲಿಲ್ಲ. ಅವನು ಚರ್ಮ ಹದಮಾಡುವವನ ಮಗ. ಶುಲ್ಕ ಕೊಡಲಾಗದೆ, ಕಾಲೇಜಿನ ಹಿರಿಯರ ಊಟದ ಮೇಜಿಗೆ ಬಡಿಸಿ ಓದುತ್ತಿದ್ದವನು. ಗುರುವಾರದ ಉಪನ್ಯಾಸದ ಹೊತ್ತೇ ಅವನು ಬಡಿಸುವ ಹೊತ್ತು. ಹಾಗಾಗಿ ವೇನರು ಅವನಿಗೆ ಬೆಳಗ್ಗೆ ತಮ್ಮ ಮನೆಯಲ್ಲಿ ಬೇರೆಯಾಗಿ ಪಾಠ ಹೇಳುತ್ತಿದ್ದರು.

ಒಂದು ಗುರುವಾರ ಎಂಜಲು ತಟ್ಟೆಗಳನ್ನು ಹೊತ್ತು ಮೊಗಸಾಲೆಯಲ್ಲಿ ಹೋಗುವಾಗ ಗುರುಗಳ ದನಿ ಕೇಳಿ ನಿಂತ. ಬಾಗಿಲು ಅರೆ ತೆರೆದಿತ್ತು.

“ಹಿಂದಿನ ವಾರ ಓದಿದ ಪದ್ಯಕ್ಕೆ ನಾನು ಹೇಳಿದ ಅರ್ಥ ತಪ್ಪು,” ಎನ್ನುತ್ತಿದ್ದರು ವೇನರು. “ಅವಸರದಲ್ಲಿ ಹೇಳಿದೆ. ಸಭೆಯ ಕ್ಷಮೆ ಕೇಳುತ್ತೇನೆ.”

ಬಳಿಕ ತಲೆ ಬಾಗಿಸಿದರು. ಬೆಂಚುಗಳಿಗೆ.

ಮರುದಿನ ಪಾಠದ ನಡುವೆ ಎಡ್ಮಂಡನಿಗೆ ಸುಮ್ಮನಿರಲಾಗಲಿಲ್ಲ.

“ಗುರುಗಳೇ, ಆ ತಪ್ಪನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ನಿನ್ನೆಯೂ ಯಾರೂ ಇರಲಿಲ್ಲ. ಯಾರ ಕ್ಷಮೆ ಕೇಳಿದಿರಿ?”

“ಯಾರೂ ಇರಲಿಲ್ಲವೇ?”

“ಇರಲಿಲ್ಲ.”

“ನಾನಿದ್ದೆ,” ಎಂದರು ವೇನರು. “ಮುಂದಿನ ಸಾಲು ಓದು.”

ಎಡ್ಮಂಡ್ ಓದುತ್ತಿದ್ದ ಕಾಲೇಜಿನ ಡೀನ್ ಕ್ರಾಲಿ ಎಂಬವರು. ಅವರೂ ಪಾದ್ರಿಯೇ. ಮೂರು ಊರುಗಳ ಚರ್ಚುಗಳ ಆದಾಯ ಉಣ್ಣುತ್ತಿದ್ದರು. ಮೂರರಲ್ಲಿ ಒಂದರ ದಾರಿಯೂ ಅವರಿಗೆ ಗೊತ್ತಿರಲಿಲ್ಲ. ಅವರಿಗೊಬ್ಬ ಅಳಿಯ. ಆ ಅಳಿಯನಿಗೆ ಒಂದು ಪ್ರಾಧ್ಯಾಪಕ ಪೀಠ ಬೇಕಾಗಿತ್ತು.

ಇಡೀ ವರ್ಷ ಒಬ್ಬ ಕೇಳುಗನೂ ಬಾರದ ಪೀಠ ತೆರವಾದಂತೆ ಎಂದು ಇನ್ನೊಂದು ನಿಯಮವಿತ್ತು. ಅದನ್ನು ಎಲ್ಲರೂ ಮರೆತಿದ್ದರು. ಡೀನರಿಗೆ ಅದು ಅಳಿಯ ಬಂದ ವರ್ಷ ನೆನಪಾಯಿತು.

ಅವರು ವೇನರ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಎಡ್ಮಂಡನನ್ನು ಕರೆಸಿಕೊಂಡರು. ಅವನ ಜಾಣತನವನ್ನು ಬಾಯ್ತುಂಬ ಹೊಗಳಿದರು. ಬರುವ ಚಳಿಗಾಲಕ್ಕೆ ಕಾಲೇಜಿನ ಫೆಲೋ ಸ್ಥಾನವೊಂದು ಖಾಲಿಯಾಗಲಿದೆ, ಬದುಕಿರುವವರೆಗೂ ಕೋಣೆ, ಊಟ, ಪುಸ್ತಕ ಎಂದು ತಿಳಿಸಿದರು. ವೇನರ ಬೆಂಚುಗಳು ಖಾಲಿ ಇದ್ದವೆಂದು ಅವನು ಸಾಕ್ಷಿ ಹೇಳಬೇಕಾಗಿತ್ತು.

“ನೀನು ಸುಳ್ಳು ಹೇಳಬೇಕಾಗಿಲ್ಲ ಮಾರಾಯ,” ಎಂದರು. “ನಿಜ ಹೇಳಿದರೆ ಸಾಕು. ನಿನ್ನಂಥವನಿಗೆ ನಿಜದಿಂದ ಇಷ್ಟು ಲಾಭವಾಗುವುದು ಅಪರೂಪ.”

ವಿಚಾರಣೆ ಗುರುವಾರವೇ, ವೇನರ ಕೋಣೆಯಲ್ಲೇ ನಡೆಯಿತು. ಹಿರಿಯರೆಲ್ಲ ಊಟವನ್ನು ಮುಂದಕ್ಕೆ ಹಾಕಿ ಬಂದರು. ವಿದ್ಯೆಗಾಗಿ ಅವರು ಅದುವರೆಗೆ ಮಾಡಿದ ತ್ಯಾಗಗಳಲ್ಲಿ ಅದೇ ದೊಡ್ಡದು. ಆ ಬೆಂಚುಗಳು ಅಂದು ಮೊದಲ ಸಲ ತುಂಬಿದವು. ಆಪಾದಿತರು ಒಳಗಿರುವಂತಿಲ್ಲ ಎಂದು ವೇನರನ್ನು ಹೊರಗೆ, ನದಿಯ ಕಡೆಯ ಅಂಗಳದಲ್ಲಿ ನಿಲ್ಲಿಸಲಾಗಿತ್ತು.

ಎಡ್ಮಂಡ್ ಪವಿತ್ರ ಗ್ರಂಥದ ಮೇಲೆ ಕೈಯಿಟ್ಟ. ಈ ವರ್ಷ ಇಲ್ಲಿ ಕೇಳುಗರು ಇದ್ದರೇ ಎಂದು ಡೀನರು ಕೇಳಿದರು.

ಅವನು ಬೆಂಚುಗಳತ್ತ ನೋಡಿದ. ಕಲಿಸುತ್ತೇವೆಂದು ಇದೇ ಗ್ರಂಥದ ಮೇಲೆ ಕೈಯಿಟ್ಟು ಹೇಳಿ, ಎಂದೂ ಕಲಿಸದವರು ಸಾಲಾಗಿ ಕುಳಿತಿದ್ದರು.

“ಇದ್ದರು,” ಎಂದ. “ನಾನಿದ್ದೆ. ಪ್ರತಿ ಗುರುವಾರ ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದ್ದೇನೆ.”

ಡೀನರ ಮುಖ ಕೆಂಪಾಯಿತು. ಆ ಹೊತ್ತಿಗೆ ಅವನು ಊಟದ ಮನೆಯಲ್ಲಿ ಬಡಿಸುತ್ತಿದ್ದನೆಂದು ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ಯಾರೂ ಹೇಳಲಿಲ್ಲ. ವರ್ಷವಿಡೀ ಅವನ ಕೈಯಿಂದ ಉಂಡವರು ಅಲ್ಲಿ ತುಂಬಿದ್ದರು. ಬಡಿಸುವವನ ಮುಖವನ್ನು ಅವರಲ್ಲಿ ಯಾರೂ ನೋಡಿದವರಲ್ಲ.

ಪೀಠ ಉಳಿಯಿತು. ಫೆಲೋ ಸ್ಥಾನ ಕೈತಪ್ಪಿತು. ಅದುವರೆಗೆ ಎಡ್ಮಂಡನನ್ನು ಚಿಟಿಕೆ ಹೊಡೆದು ಕರೆಯುತ್ತಿದ್ದ ವಿದ್ಯಾರ್ಥಿಗಳು ಆ ಸಂಜೆ ಹೆಸರು ಹಿಡಿದು ಕರೆದರು, ಡೀನರಿಗೆ ಎದುರು ನಿಂತವನೆಂದು ಭುಜ ತಟ್ಟಿದರು.

ಮರುದಿನ ಬೆಳಗ್ಗೆ ಅವನು ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ. ದನಿಯಲ್ಲಿ ಹೆಮ್ಮೆಯಿತ್ತು, ಅದನ್ನು ಮುಚ್ಚಿಡುವ ಅಗತ್ಯ ಅವನಿಗೆ ಕಾಣಲಿಲ್ಲ.

“ಕೊನೆಯ ಬೆಂಚೇ?” ಎಂದು ವೇನರು ಕೇಳಿದರು.

“ಹೌದು ಗುರುಗಳೇ.”

“ಅಲ್ಲಿಗೆ ನನ್ನ ದನಿ ಮುಟ್ಟುತ್ತದೆಯೇ?”

ಎಡ್ಮಂಡ್ ಪುಸ್ತಕದ ಹಾಳೆ ತಿರುಗಿಸಿದ.

“ಗುರುವಾರ ಬಂದು ನೋಡು,” ಎಂದರು ವೇನರು.

ಗುರುವಾರ ಅವನು ಬಡಿಸಲು ಹೋಗಲಿಲ್ಲ. ಕೊನೆಯ ಬೆಂಚಿನಲ್ಲಿ ಕುಳಿತ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಂಟೆ ಹೊಡೆಯಿತು. ವೇನರು ಬಂದರು; ವೇದಿಕೆ ಏರಲಿಲ್ಲ. ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬಂದು ಅವನ ಪಕ್ಕದಲ್ಲಿ ಕುಳಿತರು.

“ಇಂದು ಪಾಠವಿಲ್ಲವೇ, ಗುರುಗಳೇ?”

“ಇದೆ. ಹಿಂದಿನ ವಾರ ಇಲ್ಲಿ ಒಂದು ತಪ್ಪು ಮಾತು ಹೊರಬಿದ್ದಿದೆ. ಮೊದಲು ಅದನ್ನು ತಿದ್ದಬೇಕು. ಈ ಸಲ ಹೇಳಿದವನು ನಾನಲ್ಲ.”

ಎಡ್ಮಂಡ್ ಸಿಟ್ಟಿಗೆದ್ದ. ಬಹಳ ಹೊತ್ತು ಮಾತಾಡಿದ. ಡೀನರ ಅಳಿಯನಿಗೆ ಹೀಬ್ರೂ ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕೆಂಬುದೂ ಗೊತ್ತಿಲ್ಲ ಎಂದ. ಇಡೀ ಊರೇ ಸುಳ್ಳನ್ನು ಉಂಡು ಉಟ್ಟು ಬದುಕುತ್ತಿರುವಾಗ ತನ್ನದೊಂದೇ ಲೆಕ್ಕಕ್ಕೆ ಬಂತೇ ಎಂದ. ತಿದ್ದಿಕೊಂಡರೆ ಕಾಲೇಜು ತನ್ನ ಹೆಸರನ್ನು ಹೊಡೆದುಹಾಕುತ್ತದೆ, ಪದವಿಯಿಲ್ಲದೆ ಅಪ್ಪನ ಚರ್ಮ ಹದಮಾಡುವ ಗುಂಡಿಗಳಿಗೆ ಮರಳಬೇಕು ಎಂದ.

“ನಿಮ್ಮ ಪೀಠವೂ ಹೋಗುತ್ತದೆ,” ಎಂದ ಕೊನೆಗೆ.

“ಬೀಗದ ಕೈ ಅಲ್ಲಿದೆ. ಊಟ ಮುಗಿದ ಮೇಲೆ ಡೀನರು ಬಂದು ತೆಗೆದುಕೊಳ್ಳಲಿ.”

ಎಡ್ಮಂಡ್ ಖಾಲಿ ಕೋಣೆಯನ್ನು ನೋಡಿದ.

“ಇಲ್ಲಿ ಯಾರೂ ಇಲ್ಲ. ಯಾರಿಗೆ ಹೇಳಲಿ?”

ಕೇಳಿದವನಿಗೇ ಹೊಳೆಯಿತು: ಈ ಪ್ರಶ್ನೆಯನ್ನು ಅವನು ಹಿಂದೆಯೇ ಕೇಳಿದ್ದ; ಉತ್ತರವನ್ನೂ ಪಡೆದಿದ್ದ.

ಅವನು ಎದ್ದು ವೇದಿಕೆ ಏರಿದ. ಅಂದು ತುಂಬಿದ ಬೆಂಚುಗಳ ಮುಂದೆ ಸುಳ್ಳು ಸಲೀಸಾಗಿ ಜಾರಿ ಬಂದಿತ್ತು. ಇಂದು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಹಿಂದಿನ ಗುರುವಾರ ನಾನಿಲ್ಲಿ ಹೇಳಿದ್ದು ಸುಳ್ಳು. ಆ ಬೆಂಚಿನಲ್ಲಿ ನಾನು ಎಂದೂ ಕುಳಿತಿರಲಿಲ್ಲ. ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿದ್ದೇನೆ, ಅಷ್ಟೇ. ಸಭೆಯ ಕ್ಷಮೆ ಕೇಳುತ್ತೇನೆ.”

ತಲೆ ಬಾಗಿಸಿದ. ಬೆಂಚುಗಳು ಸುಮ್ಮನಿದ್ದವು. ಅವನು ಕೆಳಗಿಳಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

“ಇಷ್ಟು ಸಾಕೇ, ಗುರುಗಳೇ?”

ವೇನರು ಎದ್ದು ಟೋಪಿ ಹಾಕಿಕೊಂಡರು. ಅವನಿಗಾಗಿ ಬಾಗಿಲನ್ನು ಪೂರ್ತಿ ತೆರೆದು ಹಿಡಿದರು.

“ಕಷ್ಟದ ಸಭೆ ಮುಗಿಯಿತು, ಎಡ್ಮಂಡ್. ಇನ್ನು ಉಳಿದಿರುವುದು ಡೀನರು ಮಾತ್ರ.”