ನಾಲ್ಕನೇ ದಿನ ನಿಂತ ಸದ್ದು

ಷಡಕ್ಷರಿ ದೂರದ ಗುಡ್ಡಕ್ಕೆ ಹೊರಟಾಗ ಗಂಟಿನಲ್ಲಿ ಎರಡು ಸೇರು ಅವಲಕ್ಕಿ, ಒಂದು ಕಂಬಳಿ, ಒಂದು ಬೆಂಕಿಪೊಟ್ಟಣ ಇದ್ದವು. ಏಳನೇ ದಿನ ಆಶ್ರಮಕ್ಕೆ ತಿರುಗಿ ಬಂದಾಗ ಗಂಟು ಖಾಲಿ, ಮುಖದಲ್ಲಿ ಮಾತ್ರ ಕಳೆ.

ಹೋದದ್ದು ಒಬ್ಬನೇ, ಬಂದದ್ದು ಇಬ್ಬರು. ಜೊತೆಗಿದ್ದವನು ಜಡೆಯ, ಆ ಗುಡ್ಡದಲ್ಲಿ ಜೇನು ಇಳಿಸಿ ಬದುಕುವವನು.

ಗುರು ಮುಪ್ಪಿನಯ್ಯ ಹೊಳೆಯ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಿದ್ದರು.

"ಬದುಕಿದ್ದೀಯಲ್ಲ. ಕೂತ್ಕೋ."

ಷಡಕ್ಷರಿ ಕೂರಲಿಲ್ಲ. "ನಾನು ಮತ್ತೆ ಅಲ್ಲಿಗೇ ಹೋಗಬೇಕು, ಅಯ್ಯನವರೇ. ಅಪ್ಪಣೆ ಕೊಡಿ. ಏಳು ವರ್ಷ ಇಲ್ಲಿ ಕೂತರೂ ನಿಲ್ಲದ ಮನಸ್ಸು ಅಲ್ಲಿ ನಾಲ್ಕೇ ದಿನಕ್ಕೆ ನಿಂತಿತು."

"ನಿಂತದ್ದು ಹೇಗೆ ಗೊತ್ತಾಯ್ತು?"

"ದೊಡ್ಡ ಬಂಡೆಯ ಬುಡದಲ್ಲಿ ಕೂತಿದ್ದೆ. ಚಳಿಗೆ ಪಕ್ಕದಲ್ಲಿ ಬೆಂಕಿ. ಕಣ್ಣು ಮುಚ್ಚಿದರೆ ಸಾಕು, ಕಿವಿ ತುಂಬ ಗುಂಯ್ ಅನ್ನೋ ಸದ್ದು. ಊರಿನ ಗದ್ದಲ ಇನ್ನೂ ತಲೆಯಿಂದ ಇಳಿದಿಲ್ಲ ಅಂದುಕೊಂಡೆ. ಮೂರು ದಿನ ಹಾಗೇ. ನಾಲ್ಕನೇ ದಿನ ಇದ್ದಕ್ಕಿದ್ದಂತೆ ನಿಂತುಹೋಯ್ತು. ಎಂಥಾ ಮೌನ ಅಂತೀರಿ! ಕಣ್ಣಲ್ಲಿ ನೀರು ಬಂತು."

ಗುರು ಜಡೆಯನ ಕಡೆ ತಿರುಗಿದರು. "ನೀನ್ಯಾಕಪ್ಪ ಇಷ್ಟು ದೂರ ಬಂದೆ? ದಾರಿ ತೋರಿಸೋಕಾ?"

"ದೂರು ಹೇಳೋಕೆ, ಸಾಮಿ."

"ಹೇಳು."

"ಇವರು ಕೂತ ಜಾಗದ ಮೇಲೆ, ಬಂಡೆಗೆ ಹದಿನೆಂಟು ಹೆಜ್ಜೇನು ಕಟ್ಟಿತ್ತು. ಇವರು ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದರು. ಹುಳ ಮೂರು ದಿನ ತಡಕೊಂಡ್ವು. ನಾಲ್ಕನೇ ದಿನ ಅಷ್ಟೂ ಎದ್ದು ಹೋದ್ವು. ನಮ್ಮ ಹನ್ನೆರಡು ಮನೆಗೆ ಮಳೆಗಾಲದ ರಾಗಿ ಬರೋದೇ ಆ ಜೇನಿಂದ."

ಷಡಕ್ಷರಿ ಮೆಟ್ಟಿಲ ಮೇಲೆ ಕೂತ. "ದಾರಿಯುದ್ದಕ್ಕೂ ನೀನು ಇದನ್ನ ಹೇಳಲೇ ಇಲ್ಲವಲ್ಲೋ!"

"ಬಾಯಿ ತೆಗೆದಾಗೆಲ್ಲ ನೀವು ಮೌನ ಮೌನ ಅಂತ ಕೈ ತೋರಿಸ್ತಿದ್ರಲ್ಲ."

"ನಾನು ಕಣ್ಣು ಮುಚ್ಚಿದ್ದೆ. ನೋಡಲಿಲ್ಲ."

"ಕಣ್ಣು ಮುಚ್ಚೋಕೆ ಅಷ್ಟು ದೂರ ಯಾಕೆ ಹತ್ತಬೇಕಿತ್ತು? ಇಲ್ಲೇ ಮುಚ್ಚಬಹುದಿತ್ತು," ಎಂದ ಜಡೆಯ.

ಷಡಕ್ಷರಿ ಗುರುವಿನ ಕಡೆ ತಿರುಗಿದ.

"ಅಯ್ಯನವರೇ, ಹಾಗಾದರೆ ಅಲ್ಲಿ ನಿಂತದ್ದು ನನ್ನ ಮನಸ್ಸೋ, ಹುಳದ ಸದ್ದೋ?"

"ನನ್ನನ್ನ ಕೇಳಿದರೆ? ನಾನಲ್ಲಿ ಇರಲಿಲ್ಲ."

"ಆದರೆ ಆ ನೆಮ್ಮದಿ ಸುಳ್ಳಲ್ಲ. ಈಗಲೂ ಎದೆಯೊಳಗಿದೆ."

"ಇರಬಹುದು. ಇವರ ಜೇನಿನ ಗಡಿಗೆ ಖಾಲಿ ಇರೋದೂ ಸುಳ್ಳಲ್ಲ."

"ನಾನು ಹೋದದ್ದು ಒಳ್ಳೆಯದಾಯ್ತೋ, ಕೆಟ್ಟದಾಯ್ತೋ?"

"ಎರಡೂ ಆಗಿದೆ. ಒಳ್ಳೆಯದು ನಿನ್ನ ಪಾಲಿಗೆ, ಕೆಟ್ಟದ್ದು ಇವರ ಪಾಲಿಗೆ. ಹಂಚಿಕೆ ಸರಿಯಾಗಲಿಲ್ಲ, ಅಷ್ಟೇ."

"ಮತ್ತೆ ಹೋಗಲೋ, ಬೇಡವೋ?"

"ಜಾಗ ನನ್ನದಲ್ಲ," ಎಂದು ಗುರು ಜಡೆಯನನ್ನು ನೋಡಿದರು. "ಏನಪ್ಪ, ಇವನು ಬರಬಹುದಾ?"

ಜಡೆಯ ತಲೆ ಕೆರೆದುಕೊಂಡ. "ಬರಬೇಡಿ ಅಂತ ಹೇಳೋಕೇ ಇಳಿದು ಬಂದಿದ್ದು. ಆದರೆ ಕೂತ ಜಾಗ ಬಿಟ್ಟು ಏಳದೆ ಕಾಯೋ ಮನುಷ್ಯ ನಮ್ಮಲ್ಲಿ ಯಾರೂ ಇಲ್ಲ. ಹುಳ ಒಂದೊಂದು ಸಲ ತಿರುಗಿ ಬರ್ತವೆ. ಬೆಂಕಿ ಹಾಕದೆ, ಕಣ್ಣು ಬಿಟ್ಟು, ದೂರದಿಂದ ಬಂಡೆ ನೋಡ್ತಾ ಕೂರೋದಾದ್ರೆ ಬರಲಿ. ಹುಳ ಕಂಡ ಕೂಡಲೇ ನಮ್ಮನ್ನ ಕೂಗಲಿ."

"ಇಡೀ ದಿನ ನೋಡ್ತಾ ಕೂರಬೇಕಾ?" ಎಂದ ಷಡಕ್ಷರಿ.

"ಇಡೀ ದಿನ. ಬರೋವರೆಗೂ."

"ಬರದೇ ಹೋದರೆ?"

"ನೋಡ್ತಾ ಇರಿ."

ಷಡಕ್ಷರಿ ಗುರುವಿನ ಮುಖ ನೋಡಿದ. "ಹುಳ ಕಾಯುತ್ತಾ ಕೂತರೆ ನನ್ನ ಧ್ಯಾನದ ಗತಿ ಏನು, ಅಯ್ಯನವರೇ?"

ಮುಪ್ಪಿನಯ್ಯ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದರು.

"ಅದನ್ನ ಇಲ್ಲೇ ಬಿಟ್ಟು ಹೋಗು. ನಾನು ನೋಡ್ಕೋತೀನಿ."