ಜುಟ್ಟಿಲ್ಲದ ಹಕ್ಕಿಯ ಜುಟ್ಟಿನ ಬಣ್ಣ

ಮಣಿನಾಡಿನ ಅರಸು ಗಂಡರಾಯ ಡಂಗುರ ಹೊಡೆಸಿದ: "ಅರಮನೆಯ ಪಾರಿವಾಳಗಳ ಮೂಲಹಕ್ಕಿಯ ಬಗ್ಗೆ ಮೂರು ಒಗಟು. ಎಲ್ಲ ಬಿಡಿಸಿದವರಿಗೆ ಅರ್ಧ ರಾಜ್ಯ. ಒಂದು ತಪ್ಪಿದರೂ ತಲೆದಂಡ!"

ಆ ಮೂಲಹಕ್ಕಿಯನ್ನು ಕಂಡವರು ಯಾರೂ ಬದುಕಿರಲಿಲ್ಲ. ಅದರ ಸಂತತಿ ಎರಡು ಕವಲಾಗಿ ಉಳಿದಿತ್ತು. ಕೋಟೆಗೋಡೆಯ ಕವಲಿನವೆಲ್ಲ ಬೋಳುತಲೆಯವು. ಅರಮನೆಗೂಡಿನ ಕವಲಿನಲ್ಲಿ ಕೆಂಪು ಜುಟ್ಟಿನವು, ಬಿಳಿ ಜುಟ್ಟಿನವು, ನಡುವೆ ಕೆಲವು ಬೋಳು.

ಮೊದಲು ಬಂದ ಸಾಹುಕಾರನ ಮಗ "ಮೂಲಹಕ್ಕಿಗೆ ಜುಟ್ಟಿತ್ತು" ಎಂದ. ತಲೆ ಉರುಳಿತು. ಆಮೇಲೆ ಬಂದ ಪಂಡಿತನ ಮಗ ಮೊದಲನೆಯದನ್ನು ಗೆದ್ದು, ಅದರ ಜುಟ್ಟಿನ ಬಣ್ಣ ಕೇಳಿದ ಎರಡನೆಯದಕ್ಕೆ "ಕೆಂಪು" ಎಂದ. ಅವನದೂ ಉರುಳಿತು. ನೇಕಾರರ ಚನ್ನಿಗ ಅದೇ ಒಗಟಿಗೆ "ಕೆಂಪೂ ಅಲ್ಲ, ಬಿಳಿಯೂ ಅಲ್ಲ" ಎಂದ.

"ಹಾಗಾದರೆ ಕಪ್ಪೋ?" ಅರಸ ನಕ್ಕ.

ಚನ್ನಿಗ ತಬ್ಬಿಬ್ಬಾಗಿ "ಹೂಂ" ಎಂದುಬಿಟ್ಟ. ಬೆಳಗಾದರೆ ಅವನಿಗೆ ಕತ್ತಿ ಎಂದಾಯಿತು.

ಬೆಳಿಗ್ಗೆ ಅವನ ತಂಗಿ ಪುಟ್ಟೀರಿ ಆಸ್ಥಾನಕ್ಕೆ ನುಗ್ಗಿದಳು. ನೂಲಿಗೆ ಹಾಕುತ್ತಿದ್ದ ಗಂಜಿ ಕೈಯಲ್ಲೇ ಒಣಗಿತ್ತು.

"ಏನೇ ಹುಡುಗಿ, ನಿನಗೂ ತಲೆ ಭಾರವಾಯಿತೇ?" ಎಂದ ಅರಸ.

"ಒಗಟು ಹೇಳಿ. ಗೆದ್ದರೆ ಅಣ್ಣನೂ ನನಗೆ."

"ಸೋತರೆ ಅಣ್ಣ ತಂಗಿ ಇಬ್ಬರೂ ನನಗೆ. ಸರಿ, ಮೂಲಹಕ್ಕಿಗೆ ಜುಟ್ಟಿತ್ತೋ ಇಲ್ಲವೋ?"

"ಇರಲಿಲ್ಲ. ಗೋಡೆಯ ಕವಲಿನಲ್ಲಿ ಒಂದಕ್ಕೂ ಇಲ್ಲ. ಇವುಗಳ ದಾಯಾದಿ ಬೆಟ್ಟದ ಕಾಡುಪಾರಿವಾಳಕ್ಕೂ ಇಲ್ಲ. ಜುಟ್ಟು ಆಮೇಲೆ ನಿಮ್ಮ ಗೂಡಿನಲ್ಲಿ ಮೂಡಿದ್ದು."

"ಅದರ ಜುಟ್ಟಿನ ಬಣ್ಣ ಕೆಂಪೋ, ಬಿಳಿಯೋ?"

ಅಣ್ಣ ಎಲ್ಲಿ ಎಡವಿದನೆಂದು ಅವಳಿಗೆ ಥಟ್ಟನೆ ಹೊಳೆಯಿತು. "ಎರಡೂ ಇಲ್ಲ."

"ನಿಮ್ಮಣ್ಣನೂ ಅದನ್ನೇ ಒದರಿದ."

"ಅವನು 'ಅಲ್ಲ' ಅಂದ. ಅಲ್ಲ ಅಂದರೆ ಬೇರೆ ಬಣ್ಣ ಇದೆ ಅಂತ. ನಾನು 'ಇಲ್ಲ' ಅಂತಿದ್ದೀನಿ. ಜುಟ್ಟೇ ಇಲ್ಲದ ಮೇಲೆ ಬಣ್ಣ ಎಲ್ಲಿಂದ ಬರಬೇಕು? ನೇಯದ ಸೀರೆಗೆ ಸೆರಗಿನ ಬಣ್ಣ ಕೇಳುತ್ತೀರಿ, ಹೇಳಲಾರದವರ ತಲೆ ತೆಗೆಯುತ್ತೀರಿ!"

ಅರಸ ಗದ್ದುಗೆಯ ತುದಿಗೆ ಸರಿದ. "ಗೋಡೆಯ ಹಕ್ಕಿಯೂ ಬೋಳು, ಗೂಡಿನ ಕೆಲವು ಹಕ್ಕಿಯೂ ಬೋಳು. ಎರಡು ಬೋಳೂ ಒಂದೇ ಬಗೆಯೋ, ಬೇರೆಯೋ?"

ಪುಟ್ಟೀರಿ ಗೂಡಿನ ಬೋಳುಹಕ್ಕಿಯೊಂದನ್ನು ತರಿಸಿ ಅದರ ಹೆಡಕಿನ ಮೇಲೆ ಊದಿದಳು. ಗರಿ ಸರಿದು ಪುಟ್ಟ ಸುಳಿ ಕಂಡಿತು.

"ಬೇರೆ. ಜುಟ್ಟು ಮೂಡಲು ಗರಿ ಉದ್ದವಾಗಬೇಕು, ದಿಕ್ಕು ತಿರುಗಬೇಕು, ಸುಳಿ ಕೂಡಬೇಕು. ಇಷ್ಟೆಲ್ಲ ಪದೇ ಪದೇ ಒಟ್ಟಿಗೆ ಬರುವುದಿಲ್ಲ. ಈ ಕವಲಿನಲ್ಲಿ ಒಮ್ಮೆ ಬಂತು. ಕೆಂಪೂ ಬಿಳಿಯೂ ಆಮೇಲಿನವು. ಹೋಗುವುದಕ್ಕೆ ಮಾತ್ರ ಒಂದು ಕೆಟ್ಟರೂ ಸಾಕು. ಇದರ ಗರಿ ಗಿಡ್ಡವಾಯಿತು, ಸುಳಿ ಉಳಿಯಿತು. ಗೋಡೆಯದಕ್ಕೆ ಈ ಸುಳಿಯೂ ಇಲ್ಲ, ಅದು ಎಂದೂ ಪಡೆಯದ ಬೋಳು. ಇದು ಪಡೆದು ಕಳೆದುಕೊಂಡದ್ದು." ಅವಳ ದನಿ ಏರಿತು. "ಮಗು ಹುಟ್ಟದ ಮನೆಯೂ ಬರಿದು, ನೀನು ಮಗನನ್ನು ಕಡಿಸಿದ ಮನೆಯೂ ಬರಿದು. ಎರಡೂ ಒಂದೇನಾ, ದೊರೆ?"



"ನೀನು ಗೆದ್ದೆ," ಎಂದ ಅರಸ. "ಅಣ್ಣನನ್ನು ಕರೆದುಕೊಂಡು ಹೋಗು. ಅರ್ಧ ರಾಜ್ಯವೂ ನಿನ್ನದು."

"ಸತ್ತ ಆ ಇಬ್ಬರ ಮನೆ ಯಾವ ಅರ್ಧದಲ್ಲಿದೆ?"

"ತೆಂಕಣದಲ್ಲಿ."

"ಹಾಗಾದರೆ ತೆಂಕಣ ನನಗೆ. ಅಲ್ಲಿ ಇನ್ನು ನನ್ನ ಮಾತು. ಆ ತಾಯಂದಿರ ಹೊಸ್ತಿಲಿಗೆ ಹೋಗು. 'ನನ್ನ ಮಗನನ್ನು ಯಾಕೆ ಕೊಂದೆ' ಎಂದು ಅವರು ಕೇಳುತ್ತಾರೆ. ನೀನು ಉತ್ತರ ಹೇಳು."

ಅರಸ ಕುದುರೆ ತರಲು ಸನ್ನೆ ಮಾಡಿದ.

"ಕುದುರೆ ಬೇಡ," ಎಂದಳು ಪುಟ್ಟೀರಿ. "ನಡೆದೇ ಹೋಗು."

ಗಂಡರಾಯ ಗದ್ದುಗೆಯಿಂದ ಇಳಿದು ಪಾದರಕ್ಷೆ ಹುಡುಕತೊಡಗಿದ.