ಮಲಗಿದ ಮೌಸನ್ನು ಕಾದ ಮಾಗುಂಡ

ಗುಳೇದಗುಡ್ಡದ ಒಂದು ಓಣಿಯಲ್ಲಿ ತಾಯಿಯೊಬ್ಬಳು, ಮಗನೊಬ್ಬ. ತಾಯಿ ನೀಲವ್ವ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಟ್ಟು ಬದುಕುವವಳು. ಮಗ ಮಾಗುಂಡ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಸಂಕಟ. ಬಾಗಿಲ ಮೇಲೆ ಒಂದು ಕಣ್ಣಿಟ್ಟಿರು ಎಂದರೆ ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕೂರುತ್ತಿದ್ದ. ಮೀಸೆ ನರೆಯತೊಡಗಿದರೂ ಬುದ್ಧಿ ಬರಲಿಲ್ಲ. ಇತ್ತ ನೀಲವ್ವನ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು. ತಾನು ಹೋದ ಮೇಲೆ ಇವನಿಗೆ ಯಾರು ದಿಕ್ಕು ಎಂಬುದೊಂದೇ ಅವಳ ಚಿಂತೆ.

ಅವಳ ತಮ್ಮ ರಾಚಪ್ಪ ಕುಪ್ಪಸದ ಖಣದ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗದವರಿಗೆ ಕೊಡುತ್ತಿದ್ದ. ಪರದೆಯ ಮೇಲಿನ ಒಂದು ಚೌಕವೆಂದರೆ ಮಗ್ಗದಲ್ಲಿ ಒಂದು ಎಳೆ. ಒಂದು ಚುಕ್ಕಿ ತಪ್ಪಿದರೆ ಬಟ್ಟೆಯ ಉದ್ದಕ್ಕೂ ತಪ್ಪು. ಅವನ ಕಂಪ್ಯೂಟರು ಹಳೆಯದು, ಅದನ್ನು ನಡೆಸುವ ತಂತ್ರಾಂಶ ಲಿನಕ್ಸು. ಮೌಸು ವೈರಿಲ್ಲದ್ದು. ಆ ಮೌಸಿಗೆ ಈಚೆಗೆ ಏನೋ ಆಗಿತ್ತು. ಪರದೆಯ ಮೇಲಿನ ಬಾಣ ಇದ್ದಕ್ಕಿದ್ದಂತೆ ನಿಂತುಬಿಡುವುದು, ಆಮೇಲೆ ಎಲ್ಲಿಗೋ ಜಿಗಿಯುವುದು. ಅದೇ ಹೊತ್ತಿಗೆ ನೀಲವ್ವ ಬಂದು ಮಗನನ್ನು ಇಟ್ಟುಕೋ ಎಂದು ಕೇಳಿದಳು. ರಾಚಪ್ಪ ಮೌಸನ್ನು ಪಕ್ಕಕ್ಕೆ ಸರಿಸಿದ. ಒಂದೇ ಒಂದು ಕೆಲಸವನ್ನು ನೆಟ್ಟಗೆ ಮಾಡಿದರೂ ಸಾಕು, ಕೊನೆಯತನಕ ನಾನೇ ನೋಡಿಕೊಳ್ಳುತ್ತೇನೆ ಎಂದ.

"ಮಾವ ಹೇಳಿದ್ದನ್ನ ಹೇಳಿದಂಗ ಮಾಡಪಾ" ಎಂದು ನೀಲವ್ವ ಮಗನನ್ನು ಕಳಿಸಿದಳು. ಕಳಿಸಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಮೊದಲ ದಿನ ರಾಚಪ್ಪ, ಮೌಸಿನ ಸೆಲ್ಲು ಹೋಗಿರಬೇಕು ಎಂದ. ಎಲ್ಲಿಗೆ ಹೋಗುತ್ತದೆ, ಇಲ್ಲೇ ಇದೆಯಲ್ಲ ಎಂದ ಮಾಗುಂಡ. ಹಳೆಯದನ್ನು ತೆಗೆದು ಎಸೆದು ಹೊಸದನ್ನು ಹಾಕಬೇಕು ಎಂದು ರಾಚಪ್ಪ ಬಿಡಿಸಿ ಹೇಳಿದ. ಮಾಗುಂಡ ಹಾಗೇ ಮಾಡಿದ. ಮರುದಿನವೂ ಹಾಗೇ ಮಾಡಿದ. ಪರದೆಯ ಪಕ್ಕದಲ್ಲಿ, ನೋಡಿ ಬಿಡಿಸಲೆಂದು ಅಜ್ಜಿಯ ಕಾಲದ ಖಣವೊಂದನ್ನು ತೂಗುಹಾಕಿತ್ತು. ಅದನ್ನು ತೆಗೆದು ಚರಂಡಿಗೆ ಎಸೆದು, ಪೇಟೆಯಿಂದ ಹೊಸ ಟವೆಲೊಂದನ್ನು ತಂದು ಹಾಕಿದ. ನೀಲವ್ವ ಓಡಿಬಂದು ಖಣವನ್ನು ಎತ್ತಿ, ತೊಳೆದು, ಒಣಹಾಕಿ ಬೈದಳು. ಹಳೆಯದನ್ನು ಎಸೆಯಬಾರದು, ಯಾರ ಕೈಗೂ ಸಿಗದ ಹಾಗೆ ಜೋಪಾನವಾಗಿ ಇಡಬೇಕು ಎಂದಳು. ಹಾಗೇ ಆಗಲಿ ಎಂದ ಮಗ.

ಸೆಲ್ಲು ಹೊಸದಾದರೂ ಬಾಣ ಜಿಗಿಯುವುದು ನಿಲ್ಲಲಿಲ್ಲ. ಮೌಸಿನ ಮಾತನ್ನು ಕೇಳಿಸಿಕೊಳ್ಳುವ ಉಗುರಿನಷ್ಟು ಚೂರೊಂದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿತ್ತು. ಅದರ ಮಗ್ಗುಲಲ್ಲೇ ರಾಚಪ್ಪ ಬಿಡಿಸಿದ ಚಿತ್ತಾರಗಳನ್ನೆಲ್ಲ ತುಂಬಿಟ್ಟಿದ್ದ ಹಳೆಯ ಹಾರ್ಡ್ ಡಿಸ್ಕು. ಅವೆರಡೂ ಹತ್ತಿರವಿದ್ದರೆ ಡಿಸ್ಕಿನ ಗದ್ದಲದಲ್ಲಿ ಚೂರಿಗೆ ಏನೂ ಕೇಳಿಸುವುದಿಲ್ಲ ಎಂದು ರಾಚಪ್ಪ ಎಲ್ಲೋ ಓದಿದ. ಡಿಸ್ಕನ್ನು ದೂರ ಇಡು ಎಂದು ಹೇಳಿ ಊಟಕ್ಕೆ ಹೋದ. ಬಂದು ನೋಡಿದರೆ ಡಿಸ್ಕು ಇಲ್ಲ.

"ಎಲ್ಲಿಟ್ಟೀಯೋ?"

"ಬಾದಾಮಿ ಬಸ್ಸಿನ್ಯಾಗ ಮಾವಾ, ಹಿಂದಿನ ಸೀಟಿನ ಕೆಳಗ. ಯಾರ ಕೈಗೂ ಸಿಗೂದಿಲ್ಲ."

ರಾಚಪ್ಪ ಗಾಡಿ ಹತ್ತಿ ಬಸ್ಸಿನ ಬೆನ್ನು ಹಿಡಿದ. ಡಿಸ್ಕು ಸಿಕ್ಕಿದ್ದು ಅವನ ಪುಣ್ಯ. ಬಂದವನೇ ಅದನ್ನು ಚೂರಿನಿಂದ ಆಚೆ ಇಟ್ಟು, ದೂರ ಎಂದರೆ ಗೇಣುದ್ದ ದೂರ ಎಂದು ಬೈದ. ಇನ್ನು ಮೇಲೆ ಈ ಮೇಜನ್ನು ಬಿಟ್ಟು ಏಳಬೇಡ, ಮೌಸಿನ ಹತ್ತಿರವೇ ಕೂತಿರು ಎಂದ.

ಮಾಗುಂಡ ಕೂತ. ಊಟಕ್ಕೆ ಕರೆದರೂ ಏಳಲಿಲ್ಲ. ಕಸ ಗುಡಿಸುವವಳು ಅವನ ಸುತ್ತಲೇ ಗುಡಿಸಿಕೊಂಡು ಹೋದಳು. ರಾಚಪ್ಪ ಬೆಳಕಿಗೆಂದು ಮೇಜನ್ನು ಕಿಟಕಿಯ ಕಡೆ ಎಳೆದರೆ, ಕುರ್ಚಿಯ ಮೇಲೆ ಕೂತೇ ಅದರ ಹಿಂದೆ ಸರಿದ.

ಬಾಣ ಜಿಗಿಯುವುದೇನೋ ನಿಂತಿತು. ಆದರೆ ರಾಚಪ್ಪ ಖಣದ ಕಡೆ ತಿರುಗಿ ಎಳೆ ಎಣಿಸಿ ಮತ್ತೆ ಪರದೆಗೆ ಬರುವಷ್ಟರಲ್ಲಿ ಮೌಸು ಸತ್ತಂತೆ ಬಿದ್ದಿರುತ್ತಿತ್ತು. ಕರೆಂಟು ಉಳಿಸಲೆಂದು ಲಿನಕ್ಸು ಅದನ್ನು ಮಲಗಿಸುತ್ತಿದೆ ಎಂದು ಅವನಿಗೆ ತಿಳಿಯಿತು. ಮಲಗಿಸದ ಹಾಗೆ ಮಾಡುವುದು ಹೇಗೆಂದು ತಿಳಿಯಲಿಲ್ಲ.

"ಅದು ಮಲಗದಂಗ ನೋಡಿಕೋ. ಕಣ್ಣು ಮುಚ್ಚಿತು ಅಂದ್ರ ಮೆಲ್ಲಕ ಅಲ್ಲಾಡಿಸು" ಎಂದ.

ಅಂದಿನಿಂದ ಮೌಸು ಮಲಗಲಿಲ್ಲ. ಮಾಗುಂಡ ಎರಡು ಬೆರಳಿನಿಂದ, ಕೂಸಿನ ನೆತ್ತಿ ಮುಟ್ಟುವ ಹಾಗೆ ಅದನ್ನು ಮುಟ್ಟುತ್ತಿದ್ದ. ರಾಚಪ್ಪನ ಕೈ ಬಂದಾಗ ಆ ಬೆರಳು ಹಿಂದೆ ಸರಿಯುತ್ತಿತ್ತು. ಒಂದು ಚುಕ್ಕಿಯೂ ತಪ್ಪಲಿಲ್ಲ. ರಾಚಪ್ಪ ತಾನಾಗಿಯೇ ಅಕ್ಕನ ಮನೆಗೆ ಹೋಗಿ, ಇವನ ಹಾಗೆ ಈ ಕೆಲಸ ಮಾಡುವವರು ಯಾರೂ ಇಲ್ಲ ಎಂದ. ಇನ್ನೊಮ್ಮೆ ಹೇಳು ಎಂದಳು ನೀಲವ್ವ. ಅವನು ಇನ್ನೊಮ್ಮೆ ಹೇಳಿದ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಲ್ಲವರೊಬ್ಬರು ಫೋನಿನಲ್ಲಿ ರಾಚಪ್ಪನಿಗೆ, ಲಿನಕ್ಸು ಮೌಸನ್ನು ಮಲಗಿಸದ ಹಾಗೆ ಮಾಡುವ ಒಂದು ಸಾಲು ಹೇಳಿಕೊಟ್ಟರು. ಅವನು ಅದನ್ನು ಲಿನಕ್ಸಿನೊಳಗೆ ಬರೆದು, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಮೌಸು ತನ್ನಷ್ಟಕ್ಕೆ ಎಚ್ಚರವಾಗಿತ್ತು. ಮಾಗುಂಡ ಬೆರಳು ಚಾಚಿಕೊಂಡು ಕೂತೇ ಇದ್ದ. ಅದನ್ನು ನೋಡಲು ರಾಚಪ್ಪನಿಗೆ ಆಗಲಿಲ್ಲ.

"ಇಲ್ಲಿ ಇನ್ನ ಕೆಲಸ ಇಲ್ಲಪಾ. ಅವ್ವಗ ಜ್ವರ ಬಂದೈತಿ. ಮನ್ಯಾಗ ಇದ್ದು ಆಕೀನ ನೋಡಿಕೋ" ಎಂದ.

ನೋಡಿಕೊಳ್ಳುವುದೆಂದರೆ ಮಾಗುಂಡನಿಗೆ ಗೊತ್ತಿದ್ದದ್ದು ಒಂದೇ ಬಗೆ. ತಾಯಿಯ ರೆಪ್ಪೆ ಮುಚ್ಚಿದಾಗಲೆಲ್ಲ ಎರಡು ಬೆರಳಿನಿಂದ ಅವಳ ಭುಜವನ್ನು ಮೆಲ್ಲಗೆ ಅಲ್ಲಾಡಿಸಿದ. ನೀಲವ್ವ ಪ್ರತಿ ಸಲವೂ ಕಣ್ಣು ತೆರೆದಳು.

"ಎಚ್ಚರ ಅದೀನಪಾ" ಎಂದಳು.

ಸಂಜೆ ಗಂಜಿ ತಂದ ರಾಚಪ್ಪ ಅಕ್ಕನ ಕೆಂಪು ಕಣ್ಣು ನೋಡಿ, ಅಳಿಯನ ಕೈ ಹಿಡಿದು ಹಿಂದಕ್ಕೆಳೆದ. ದಣಿದು ಮಲಗಿದವರನ್ನು ಎಬ್ಬಿಸಬಾರದು, ಯಾರಾದರೂ ಎಬ್ಬಿಸಲು ಬಂದರೂ ಬಿಡಬಾರದು ಎಂದು ಬೈದ. ಬೈಯಬೇಡವೋ ಎಂದಳು ನೀಲವ್ವ. ಅವನು ಚೆನ್ನಾಗಿಯೇ ನೋಡಿಕೊಂಡಿದ್ದಾನೆ ಎಂದಳು. ಜ್ವರ ಇಳಿಯಲಿಲ್ಲ. ಕೆಲವು ದಿನಗಳಲ್ಲಿ ಅವಳು ನಿದ್ದೆಯಲ್ಲೇ ಹೋದಳು.

ಅಕ್ಕನ ಮಣ್ಣು ಮುಗಿಸಿ ಬಂದ ರಾಚಪ್ಪ ಕಂಪ್ಯೂಟರಿನ ಮುಂದೆ ಕೂತ. ಆಮೇಲೆ, ತಾನು ಬರೆದಿದ್ದ ಆ ಸಾಲನ್ನು ಅಳಿಸಿದ. ಮೌಸು ಮತ್ತೆ ಮಲಗತೊಡಗಿತು. ಮರುದಿನ ಅಳಿಯನನ್ನು ಕರೆತಂದು ಅದೇ ಕುರ್ಚಿಯಲ್ಲಿ ಕೂರಿಸಿದ. ಮೌಸು ಮತ್ತೆ ಕೆಟ್ಟಿದೆ, ನೀನಿಲ್ಲದೆ ನಡೆಯುವುದಿಲ್ಲ ಎಂದ. ಖಣದ ಕಡೆ ತಿರುಗಿ ಎಳೆ ಎಣಿಸಿ, ಪರದೆಯ ಕಡೆ ಬಂದ.

ಬಾಣ ನಿಂತಿತ್ತು. ಮಾಗುಂಡ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೌಸನ್ನೇ ನೋಡುತ್ತಿದ್ದ. ರಾಚಪ್ಪ ತಾನೇ ಕೈ ಚಾಚಿದ. ಮಾಗುಂಡ ಆ ಕೈಯನ್ನು ತಡೆದು, ಪಿಸುಮಾತಿನಲ್ಲಿ ಹೇಳಿದ:

"ದಣದು ಮಲಗೈತಿ ಮಾವಾ. ಎಬ್ಬಿಸಬ್ಯಾಡ."

ರಾಚಪ್ಪ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಹೊರಗೆ ಓಣಿಯಲ್ಲಿ ಮಗ್ಗಗಳ ಸದ್ದು ನಡೆದೇ ಇತ್ತು. ಮಾಗುಂಡ ಎದ್ದು ಹೋಗಿ, ಸಪ್ಪಳವಾಗದ ಹಾಗೆ ಕಿಟಕಿ ಮುಚ್ಚಿದ.